ನನ್ನ ಕಂಕುಳಿಗೆ ಬಂದ ಕೀರ್ತಿ

ನನ್ನ ಎಡಗಡೆಯ ಕಂಕುಳು ನನ್ನ ಸ್ವಂತ ಆಸ್ತಿ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಈಗ ಆ ನಂಬಿಕೆ ಉಳಿದಿಲ್ಲ. ದಕ್ಷಿಣ ಸಮುದ್ರದ ಅತಿಯು ಎಂಬ ನಮ್ಮ ಪುಟ್ಟ ದ್ವೀಪದ ಹಿರಿಯ ಹೆಂಗಸರೆಲ್ಲ ಅದನ್ನು ಮುಟ್ಟಿ, ಒತ್ತಿ, ತಲೆಯಾಡಿಸಿ, ತಮ್ಮ ಅಭಿಪ್ರಾಯ ಹೇಳಿ ಹೋಗಿದ್ದಾರೆ. ಕೆಲವರು ತೃಪ್ತಿಯಾಗದೆ ಸಾಲಿನ ಕೊನೆಗೆ ಹೋಗಿ ಮತ್ತೆ ಬಂದಿದ್ದಾರೆ. ಒಬ್ಬಾಕೆ ಆಮೇಲೆ ಕೈ ಒರೆಸಿಕೊಂಡದ್ದು ನನ್ನದೇ ಅಂಗಿಗೆ. ಇದನ್ನೆಲ್ಲ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಟ್ಟರೆ ಸ್ವಲ್ಪ ಮರ್ಯಾದೆಯಾದರೂ ಉಳಿದೀತು ಎಂಬ ಆಸೆ, ಅಷ್ಟೆ.

ನಾನು ಪುನುವಾ. ದ್ವೀಪ ಮಂಡಳಿಯ ಟ್ರ್ಯಾಕ್ಟರ್ ಓಡಿಸುತ್ತೇನೆ. ರಸ್ತೆಯ ಗುಂಡಿ ಮುಚ್ಚುವುದು, ವಿಮಾನ ಇಳಿಯುವ ಪಟ್ಟಿಯ ಅಂಚಿನ ಹುಲ್ಲು ಕತ್ತರಿಸುವುದು, ಆ ಪಟ್ಟಿಯ ಮೇಲೆ ಹಾಯಾಗಿ ಮಲಗಿದ ಹಂದಿಗಳನ್ನು ವಿಮಾನ ಬರುವ ಮೊದಲು ಎಬ್ಬಿಸುವುದು, ಇವು ನನ್ನ ಅಧಿಕಾರ ವ್ಯಾಪ್ತಿಗೆ ಬರುವ ವಿಷಯಗಳು. (ಹಂದಿಗಳ ಮೇಲಿನ ಅಧಿಕಾರವನ್ನು ಹಂದಿಗಳು ಪೂರ್ತಿ ಒಪ್ಪಿಕೊಂಡಿಲ್ಲ.) ನನ್ನ ಹೆಂಡತಿ ಅಕೈತಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಹಗಲೆಲ್ಲ ದ್ವೀಪಕ್ಕೆ ಆಜ್ಞೆ ಮಾಡಿ, ಸುಸ್ತಾಗಿ ಮನೆಗೆ ಬಂದು, ಮಿಕ್ಕಿದ ಆಜ್ಞೆಗಳನ್ನು ನನ್ನ ಮೇಲೆ ಖರ್ಚು ಮಾಡುವವಳು. ಮನೆಯಲ್ಲಿರುವ ಮೂರನೆಯವರು ಅವಳ ತಾಯಿ, ನನ್ನ ಅತ್ತೆ ತುವೈನೆ.

ಅತ್ತೆಯೆಂದರೆ ಬರೀ ನನಗೆ ಅತ್ತೆಯಲ್ಲ. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಹೆಂಗಸರೆಲ್ಲ ಸುತ್ತ ಕೂತು ದೊಡ್ಡ ದೊಡ್ಡ ಹೂವಿನ ಹೊದಿಕೆಗಳನ್ನು ಹೊಲಿಯುತ್ತಾರಲ್ಲ, ಆ ಹೊಲಿಗೆ ಸಂಘದ ಚಕ್ರವರ್ತಿನಿ. ಅವರು ಕತ್ತರಿ ಎತ್ತಿದರೆ ಉಳಿದವರೂ ಎತ್ತುತ್ತಾರೆ, ಅವರು ಕೆಳಗಿಟ್ಟರೆ ಉಳಿದವರೂ ಇಡುತ್ತಾರೆ. ಗಂಟಲು ಗಟ್ಟಿ, ಎದೆ ಮಾತ್ರ ಮೆತ್ತಗೆ. ಚಳಿ ಶುರುವಾದರೆ ಕೆಮ್ಮು. ಹಿಂದಿನ ಚಳಿಯಲ್ಲಿ ಆ ಕೆಮ್ಮು ಎದೆಗಿಳಿದು, ಅವರನ್ನು ವಿಮಾನದಲ್ಲಿ ರಾಜಧಾನಿಯಿರುವ ರಾರೊಟೊಂಗಾ ದ್ವೀಪದ ದೊಡ್ಡಾಸ್ಪತ್ರೆಗೆ ಕಳಿಸಬೇಕಾಯಿತು. ಅರ್ಧ ಆಳಾಗಿ ವಾಪಸು ಬಂದರು, ಬಾಯಿ ಮಾತ್ರ ಪೂರ್ತಿ ಬಂತು. ಆಗಿನಿಂದ ಅಕೈತಿ ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಅಮ್ಮನ ಕೋಣೆಯ ಬಾಗಿಲಿಗೆ ಕಿವಿಗೊಟ್ಟು ಉಸಿರಿನ ಸದ್ದು ಕೇಳುವುದು.

ಹೊರಗಿನ ಪ್ರಪಂಚವೆಲ್ಲ ಆ ಹೊಸ ರೋಗದಲ್ಲಿ ಬೇಯುತ್ತಿದ್ದಾಗ ನಮ್ಮ ದ್ವೀಪಗಳಿಗೆ ಅದು ಬಂದಿರಲಿಲ್ಲ. ಬಾಗಿಲು ಹಾಕಿಕೊಂಡು ಕೂತಿದ್ದೆವು. ಆದರೆ ಎಷ್ಟು ದಿನ ಹಾಗೆ ಕೂರುವುದು? ಆಕ್ಲೆಂಡಿನಿಂದ ಮತ್ತೆ ವಿಮಾನಗಳು ಬರುತ್ತವೆ ಎಂದು ರೇಡಿಯೋದಲ್ಲಿ ಹೇಳಿದರು. ಅದಕ್ಕಿಂತ ಮೊದಲು ತಣ್ಣನೆಯ ಪೆಟ್ಟಿಗೆಯಲ್ಲಿ ಲಸಿಕೆ ಬಂತು. ನಾನೇ ಹಂದಿ ಓಡಿಸಿ ಆ ವಿಮಾನ ಇಳಿಸಿಕೊಂಡೆ.

ಲಸಿಕೆ ಹಾಕಿಸಿಕೊಳ್ಳುವ ಸಾಲಿನಲ್ಲಿ ಮೊದಲನೆಯವನು ನಾನು. ಧೈರ್ಯದಿಂದಲ್ಲ, ಆಜ್ಞೆಯಿಂದ. ಆಮೇಲೆ ಗಂಡಸರು, ಹುಡುಗರು, ಮಾಸ್ತರರು, ಪಾದ್ರಿಗಳು ಎಲ್ಲರೂ ಬಂದರು. ಬಾರದವರು ಹೊಲಿಗೆ ಸಂಘದವರು ಮಾತ್ರ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ತುವೈನೆ ಹಾಕಿಸ್ಕೊಳ್ಳಲಿ, ನಾವೂ ಹಾಕಿಸ್ಕೋತೀವಿ." ಅಂದರೆ ರೋಗ ಬಂದರೆ ಯಾರನ್ನು ಮೊದಲು ಹಿಡಿಯುತ್ತದೋ ಆ ಮುದುಕಿಯರೆಲ್ಲ ನರ್ಸಿನ ಸ್ವಂತ ತಾಯಿಯ ಬೆನ್ನ ಹಿಂದೆ ಅಡಗಿ ಕೂತಿದ್ದರು.

ಅತ್ತೆಯದು ಮೊಂಡುತನ ಎಂದರೆ ಅನ್ಯಾಯವಾದೀತು. ಅವರದೊಂದು ಪ್ರಶ್ನೆಯಿತ್ತು. ಒಂದು ಸಂಜೆ ಟಾರೋ ಗಡ್ಡೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಸೊಪ್ಪು ಬಡಿಸಿಕೊಂಡು ಕೂತಿದ್ದಾಗ ಆ ಪ್ರಶ್ನೆಯನ್ನು ಊಟದ ಮೇಜಿನ ಮೇಲಿಟ್ಟರು.

"ಒಳಗೆ ಹೋದದ್ದು ಆಮೇಲೆ ಎಲ್ಲಿಗೆ ಹೋಗುತ್ತೆ?"

ಅಕೈತಿ ಚಮಚ ಕೆಳಗಿಟ್ಟಳು. ಇಂಥ ಪ್ರಶ್ನೆಗೆ ಕಾಯುತ್ತಲೇ ಇದ್ದಳು.

"ನೋಡಮ್ಮ, ಅದರಲ್ಲಿ ವೈರಸ್ ಇಲ್ಲ. ಒಂದು ಸಂದೇಶ ಇರುತ್ತೆ, ಅಷ್ಟೆ. ತೋಳಿನ ಮಾಂಸದಲ್ಲಿ ಸಣ್ಣ ಸಣ್ಣ ಜೀವಕೋಶ ಇರ್ತವಲ್ಲ, ಅವು ಆ ಸಂದೇಶ ಓದಿ ಒಂದು ಪ್ರೋಟೀನ್ ತಯಾರಿಸ್ತವೆ. ವೈರಸ್ಸಿನ ಮೈಮೇಲೆ ಮುಳ್ಳು ಇರುತ್ತಲ್ಲ, ಆ ಮುಳ್ಳು ಮಾತ್ರ."

"ಯಾರು ತಯಾರಿಸೋದು?"

"ನಮ್ಮ ಮೈಯೇ."

"ನನ್ನ ಮೈ ಮುಳ್ಳು ತಯಾರಿಸುತ್ತೆ. ನನ್ನನ್ನ ಒಂದು ಮಾತು ಕೇಳದೆ."

"ಅಮ್ಮ, ನಿನ್ನ ಮೈ ನಿನ್ನನ್ನ ಕೇಳಿ ಏನು ಮಾಡಿದೆ ಇಷ್ಟು ವರ್ಷ? ಆ ಸಂದೇಶ ಕೆಲವೇ ದಿನದಲ್ಲಿ ಚೂರುಚೂರಾಗಿ ಹೋಗುತ್ತೆ."

"ಸಂದೇಶ ಹಾಳಾಗಿ ಹೋಗ್ಲಿ. ಮುಳ್ಳು?"

"ಮುಳ್ಳನ್ನೂ ಮೈ ಕತ್ತರಿಸಿ ಹಾಕುತ್ತೆ."

"ಕತ್ತರಿಸಿ ಎಲ್ಲಿ ಹಾಕುತ್ತೆ?"

ಅತ್ತೆ ಜೀವನವಿಡೀ ಬಟ್ಟೆ ಕತ್ತರಿಸಿದವರು. ಕತ್ತರಿಸಿದ ಚೂರು ಎಲ್ಲೋ ಬಿದ್ದಿರಲೇಬೇಕು ಎಂಬುದು ಅವರ ಅನುಭವ. ಅಕೈತಿ ಬಾಯಿ ತೆರೆಯುವಷ್ಟರಲ್ಲಿ ನನಗೊಂದು ದಿವ್ಯ ಯೋಚನೆ ಹೊಳೆಯಿತು. ನನಗೆ ಹೊಳೆಯುವ ಯೋಚನೆಗಳೆಲ್ಲ ದಿವ್ಯವೇ, ಅವು ಬಾಯಿಂದ ಹೊರಬೀಳುವವರೆಗೆ.

"ಮೀನು ತಿಂದ ಹಾಗೆ ಅಂದ್ಕೊಳ್ಳಿ ಅತ್ತೆ. ಮೀನೂ ಪ್ರೋಟೀನೇ. ಮೀನು ಎಲ್ಲಿಗೆ ಹೋಗುತ್ತೆ?"

"ಮೀನು ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತಪ್ಪ," ಎಂದರು ಅತ್ತೆ. "ಬೆಳಿಗ್ಗೆ ನೀನು ಒಳಗೆ ಕೂತು ಹಾಡು ಹೇಳ್ತಿರ್ತೀಯಲ್ಲ, ಇಡೀ ಬೀದಿಗೆ ಗೊತ್ತು."

"ನೀನು ಸುಮ್ನಿರು," ಎಂದಳು ಅಕೈತಿ ನನಗೆ. "ಇದಕ್ಕೂ ಹೊಟ್ಟೆಗೂ ಸಂಬಂಧ ಇಲ್ಲ ಅಮ್ಮ. ಜೀವಕೋಶದ ಒಳಗೇ ಒಂದು ಕತ್ತರಿಸೋ ಯಂತ್ರ ಇರುತ್ತೆ. ಹಳೇ ಪ್ರೋಟೀನು, ಕೆಟ್ಟ ಪ್ರೋಟೀನು, ಎಲ್ಲಾನೂ ಅದು ದಿನಾ ಕತ್ತರಿಸ್ತಾನೇ ಇರುತ್ತೆ. ಈ ಮುಳ್ಳನ್ನೂ ಹಾಗೇ ಕತ್ತರಿಸುತ್ತೆ. ಕೆಲವು ಚೂರುಗಳನ್ನ ಹೊರಗೆ ನೇತುಹಾಕಿ ಕಾವಲಿನವರಿಗೆ ತೋರಿಸುತ್ತೆ, ನೋಡಿ ಇಂಥದ್ದು ಬಂದಿದೆ ಅಂತ. ಉಳಿದದ್ದು ಇನ್ನೂ ಸಣ್ಣ ಪುಡಿಯಾಗಿ ಮತ್ತೆ ಬಳಕೆಗೆ ಬರುತ್ತೆ. ಮಾಂಸಕ್ಕೋ, ಚರ್ಮಕ್ಕೋ, ಉಗುರಿಗೋ, ಕೂದಲಿಗೋ."

"ಕೂದಲಿಗಾ?"

"ಹ್ಞೂಂ. ಕೂದಲೂ ಪ್ರೋಟೀನೇ."

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿ ನನ್ನ ಮೀಸೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಅದಕ್ಕೇ ಎಡಗಡೆ ದಪ್ಪ ಆಗಿದೆ," ಎಂದರು.

(ನನ್ನ ಮೀಸೆ ಹುಟ್ಟಿದಾಗಿನಿಂದ ಎಡಗಡೆ ದಪ್ಪ. ಸಾಕ್ಷಿಗೆ ಮದುವೆಯ ಫೋಟೋ ತಂದು ತೋರಿಸಿದೆ. ಅದು ತಿರುಗುಮುರುಗಾಗಿ ತೊಳೆದ ಫೋಟೋ ಎಂದು ವಾದಿಸಿದರು.)

ಕೊನೆಗೆ ಅವರ ತೀರ್ಪು ಹೊರಬಿತ್ತು. "ಇವನಿಗೆ ಎರಡನೇದೂ ಹಾಕು. ಇವನ ಮೈಯೊಳಗೆ ಇರೋದು ಪೂರ್ತಿ ಹೋಯ್ತು ಅಂತ ನನ್ನ ಕಣ್ಣಿಗೆ ಕಾಣಿಸ್ಲಿ. ಆಮೇಲೆ ನಾನು ತೋಳು ಕೊಡ್ತೀನಿ."

ಹೀಗೆ ನಾನು ನಮ್ಮ ಮನೆಯ ಪ್ರಯೋಗದ ಪ್ರಾಣಿಯಾದೆ. ಎರಡನೆಯ ಲಸಿಕೆಯ ಮರುದಿನ ಜ್ವರ ಬಂದು ಮಲಗಿದರೆ ಹಾಸಿಗೆಯ ಪಕ್ಕದಲ್ಲಿ ಅತ್ತೆಯ ಕುರ್ಚಿ. ಜ್ವರ ಇಳಿದು ಎದ್ದರೆ ನಾನು ಹೋದಲ್ಲೆಲ್ಲ ಅವರ ಕಣ್ಣು. ಸೀನಿದರೆ "ಏನು ಬಂತು?" ಬೆವರಿದರೆ "ಇದರಲ್ಲಿ ಹೋಗ್ತಿದೆಯೋ ಏನೋ." ಮಧ್ಯಾಹ್ನದ ಹೊಲಿಗೆ ಸಭೆಯಲ್ಲಿ ನನ್ನ ದೇಹಸ್ಥಿತಿಯ ವರದಿ ಮಂಡನೆ. ಸಂಜೆ ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದರೆ ಬೇಲಿಯಾಚೆಯಿಂದ ಯಾರಾದರೂ ಕೂಗುತ್ತಿದ್ದರು, "ಪುನುವಾ, ಹೋಯ್ತಾ?" ನಾನು "ಹೋಗ್ತಾ ಇದೆ" ಎಂದು ಕೈಬೀಸುತ್ತಿದ್ದೆ. ಹಂದಿಗಳು ಕೂಡ ಮೊದಲಿಗಿಂತ ಹೆಚ್ಚು ದಿಟ್ಟಿಸಿ ನೋಡುತ್ತಿವೆ ಎಂದು ನನಗೆ ಅನುಮಾನ.

ಇಷ್ಟಾದರೂ ತಡೆದುಕೊಂಡೆ. ಆದರೆ ಒಂದು ದಿನ ಸ್ನಾನ ಮಾಡುವಾಗ ಸೋಪು ಎಡಗಂಕುಳಲ್ಲಿ ಒಂದು ಉಬ್ಬನ್ನು ಹತ್ತಿ ಇಳಿಯಿತು. ಮುಟ್ಟಿ ನೋಡಿದೆ. ಗಂಟು. ಸಣ್ಣ ಲಿಂಬೆಯಷ್ಟು, ಒತ್ತಿದರೆ ನೋವು. ಬಲಗಂಕುಳು ನೋಡಿದೆ, ಅಲ್ಲಿ ಏನೂ ಇಲ್ಲ. ಮತ್ತೆ ಎಡಗಡೆ ನೋಡಿದೆ. ಇದೆ.

ಸೋಪು ಹಚ್ಚಿಕೊಂಡೇ ನಾನು ಬಕೆಟ್ಟಿನ ಮೇಲೆ ಕೂತೆ. ಇಡೀ ದ್ವೀಪದ ಮುಂದೆ ಎದೆಯುಬ್ಬಿಸಿ ಮೊದಲು ತೋಳು ಕೊಟ್ಟ ಈ ವೀರಪುರುಷನಿಗೆ ಆಗ ಅನ್ನಿಸಿದ್ದು ಒಂದೇ: ಅತ್ತೆ ಹೇಳಿದ್ದೇ ನಿಜ. ಕತ್ತರಿಸಿದ ಚೂರೆಲ್ಲ ಇಲ್ಲಿ ಬಂದು ಗುಡ್ಡೆ ಬಿದ್ದಿದೆ.

ಮನೆಯಲ್ಲೇ ನರ್ಸ್ ಇರುವಾಗ ಅವಳನ್ನು ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಕೇಳಬಹುದಿತ್ತು. ಆದರೆ ಅವಳು ಆಸ್ಪತ್ರೆಯಿಂದ ಬಂದು ಚಪ್ಪಲಿ ಕೂಡ ಬಿಡದೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಆ ಮುಖ ನೋಡಿ ಇನ್ನೊಂದು ಗಂಟು ಕೊಡಲು ಮನಸ್ಸಾಗಲಿಲ್ಲ. ಇದು ಹೇಳಿಕೊಳ್ಳಲು ಚೆನ್ನಾಗಿರುವ ಕಾರಣ. ನಿಜವಾದ ಕಾರಣ, ಅವಳು ಏನು ಉತ್ತರ ಹೇಳಿಬಿಡುತ್ತಾಳೋ ಎಂಬ ಭಯ.

ಗಂಟು ಇದ್ದದ್ದು ಕಂಕುಳಲ್ಲಾದರೂ ಕಾಣಿಸುತ್ತಿದ್ದದ್ದು ಮುಖದಲ್ಲಿ. ಅದೂ ಸಾಲದೆ, ತೋಳು ಮೈಗೆ ತಾಗಿದರೆ ನೋವೆಂದು ಮೊಣಕೈಯನ್ನು ಹೊರಗೆ ಚಾಚಿಕೊಂಡು ನಡೆಯತೊಡಗಿದೆ.

"ಕಂಕುಳಲ್ಲಿ ಹಂದಿಮರಿ ಇಟ್ಕೊಂಡಿದೀಯಾ?" ಎಂದರು ಅತ್ತೆ.

"ಟ್ರ್ಯಾಕ್ಟರಿನ ಸ್ಟೇರಿಂಗ್ ಬಿಗಿ ಅತ್ತೆ. ಭುಜ ಹಿಡ್ಕೊಂಡಿದೆ."

"ಸ್ಟೇರಿಂಗ್ ಎರಡು ಕೈಯಲ್ಲಿ ಹಿಡೀತಾರೆ. ಹಿಡ್ಕೊಂಡಿರೋದು ಒಂದೇ ಭುಜ."

ನಾನು ಅಲ್ಲಿ ನಿಲ್ಲಲಿಲ್ಲ. ನೇರ ತೌರಾನ ಹತ್ತಿರ ಹೋದೆ.

ತೌರಾ ನನ್ನ ಬಾಲ್ಯದ ಗೆಳೆಯ. ಮರಗಳ ಮರೆಯಲ್ಲಿ ನಮ್ಮ ಗಂಡಸರ ತುಮುನು ಎಂಬ ಹೆಂಡದ ಕೂಟ ಸೇರುತ್ತದಲ್ಲ, ಅಲ್ಲಿ ಕಿತ್ತಳೆಯ ನಾಟಿ ಹೆಂಡವನ್ನು ತೆಂಗಿನ ಚಿಪ್ಪಿನಲ್ಲಿ ಎಲ್ಲರಿಗೂ ಸರದಿಯಂತೆ ಕೊಡುವವನು ಅವನೇ. ಉಳುಕು ತೆಗೆಯುವುದು, ಎಣ್ಣೆ ತಿಕ್ಕುವುದು ಅವನ ಇನ್ನೊಂದು ವಿದ್ಯೆ. ನಾನು ಅವನ ಕಿವಿಯಲ್ಲಿ ಪಿಸುಗುಟ್ಟಿದೆ. ತುಮುನುವಿನಲ್ಲಿ ಪಿಸುಗುಟ್ಟುವುದೂ ಒಂದೇ, ಚರ್ಚಿನ ಗಂಟೆ ಹೊಡೆಯುವುದೂ ಒಂದೇ. ಸುತ್ತ ಕೂತವರೆಲ್ಲ ಹತ್ತಿರ ಸರಿದರು. ತೌರಾ ಒತ್ತಿ ನೋಡಿ ಕಣ್ಣು ಮುಚ್ಚಿ ಹೇಳಿದ, "ಮುಳ್ಳು. ಹೊರಗೆ ಹೋಗೋ ದಾರಿ ಗೊತ್ತಾಗದೆ ಇಲ್ಲೇ ಕೂತ್ಬಿಟ್ಟಿದೆ."

"ಏನ್ಮಾಡೋದು?"

"ದಾರಿ ತೋರಿಸೋದು."

ದಾರಿ ತೋರಿಸುವುದೆಂದರೆ ಎಣ್ಣೆ ಹಾಕಿ ಹೆಬ್ಬೆರಳಲ್ಲಿ ಉಜ್ಜುವುದು. ಅವನು ಉಜ್ಜಿದ ರಭಸಕ್ಕೆ ನನ್ನ ಪ್ರಾಣವೇ ಹೊರಗೆ ಹೋಗುವ ದಾರಿ ಹುಡುಕಿತು. ಗಂಟು ಕೂತಲ್ಲಿಂದ ಕದಲಲಿಲ್ಲ, ನೋವು ಮಾತ್ರ ಇಮ್ಮಡಿಯಾಯಿತು. ಎಲ್ಲರೂ ಚಿಪ್ಪು ಮುಟ್ಟಿ ಆಣೆ ಇಟ್ಟರು, ಈ ಮಾತು ಇಲ್ಲಿಂದ ಆಚೆ ಹೋಗಲ್ಲ ಎಂದು. ಮರುದಿನ ನಾನು ಟ್ರ್ಯಾಕ್ಟರ್ ತೆಗೆದುಕೊಂಡು ವಿಮಾನದ ಪಟ್ಟಿಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಅಲ್ಲಿ ತಲುಪಿ ನನ್ನನ್ನು ಕಾಯುತ್ತಿತ್ತು. ದ್ವೀಪದಲ್ಲಿ ಗೊತ್ತಿಲ್ಲದವಳು ಒಬ್ಬಳೇ, ನನ್ನ ಹೆಂಡತಿ. ನರ್ಸಮ್ಮನ ಗಂಡನ ವಿಷಯ ನರ್ಸಮ್ಮನಿಗೆ ಹೇಗೆ ಹೇಳುವುದೆಂಬ ಮರ್ಯಾದೆ ಎಲ್ಲರಿಗೂ.

ಆ ವಾರವೇ ಪಾದ್ರಿಗಳು ಸಭಾಂಗಣದಲ್ಲಿ ಊರವರ ಸಭೆ ಕರೆದರು. ಲಸಿಕೆಯ ಬಗ್ಗೆ ಅಕೈತಿ ಮಾತಾಡಬೇಕು. ಅವಳು ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ನಮ್ಮ ಪದ್ಧತಿಯಂತೆ ಕಿವಿಯ ಹಿಂದೆ ಹೂ ಸಿಕ್ಕಿಸಿಕೊಂಡು ನಿಂತಳು. ಮುಂದಿನ ಸಾಲಿನಲ್ಲಿ ಬಿಳಿ ಟೋಪಿಗಳ ಹೊಲಿಗೆ ಸಂಘ, ನಡುವೆ ಅತ್ತೆ. ನಾನು ಹಿಂದಿನ ಗೋಡೆಗೆ ಎಡಗಡೆಯನ್ನು ಒತ್ತಿಕೊಂಡು ಮರೆಯಾದೆ.

ಚೆನ್ನಾಗಿ ಮಾತಾಡಿದಳು. ನನಗೇ ಹೆಮ್ಮೆಯಾಯಿತು. ಸಂದೇಶ, ಮುಳ್ಳು, ಕತ್ತರಿಸುವುದು, ಪುಡಿಯಾಗುವುದು, ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿ, ಕೊನೆಯಲ್ಲಿ "ಹೀಗೆ ಕೆಲವು ವಾರದಲ್ಲಿ ಮೈ ಎಲ್ಲಾ ತಾನೇ ಚೊಕ್ಕಟ ಮಾಡ್ಕೊಳ್ಳುತ್ತೆ. ಎಲ್ಲೂ ಏನೂ ರಾಶಿ ಬೀಳಲ್ಲ," ಎಂದಳು.

ಅತ್ತೆ ಎದ್ದು ನಿಂತರು.

"ಎಲ್ಲೂ ರಾಶಿ ಬೀಳಲ್ವಾ ಮಗಳೇ?"

"ಇಲ್ಲಮ್ಮ."

"ಹಾಗಾದ್ರೆ ನಿನ್ನ ಗಂಡನ ಕಂಕುಳಲ್ಲಿ ಇರೋದೇನು?"

ಸಭಾಂಗಣದೊಳಗೆ ಒಂದು ಕೋಳಿ ಓಡಾಡಿಕೊಂಡಿತ್ತು. ಅದೂ ನಿಂತಿತು. ಅಕೈತಿ ತಾಯಿಯ ಮುಖ ನೋಡಿದಳು, ಜನರ ಮುಖ ನೋಡಿದಳು. ಎಲ್ಲರೂ ನೆಲ ನೋಡುತ್ತಿದ್ದರು. ತನಗೊಬ್ಬಳಿಗೇ ಗೊತ್ತಿಲ್ಲವೆಂದು ಅವಳಿಗೆ ಆ ಕ್ಷಣ ಹೊಳೆದದ್ದು ನನಗೆ ಹಿಂದಿನ ಗೋಡೆಯಿಂದಲೇ ಕಂಡಿತು.

"ಪುನುವಾ, ಇಲ್ಲಿ ಬಾ."

ಹೋದೆ. ಅಂಗಿಯ ಗುಂಡಿ ಅವಳೇ ಬಿಚ್ಚಿದಳು. ಬೆರಳಿಟ್ಟು ಒತ್ತಿದಳು. ಒಂದು ಕ್ಷಣ ಅವಳ ಮುಖದಲ್ಲಿ ಗಾಬರಿ. ನಿಜವಾದ ಗಾಬರಿ. ಆಮೇಲೆ ನಿರಾಳ. ಆಮೇಲೆ ಕೋಪ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿ ಅಭ್ಯಾಸವಿತ್ತು, ಇಷ್ಟು ವೇಗವಾಗಿ ಒಂದರ ಹಿಂದೊಂದು ನೋಡಿರಲಿಲ್ಲ.

"ಯಾವಾಗಿಂದ?"

"ಎರಡನೇದು ಆದ್ಮೇಲೆ..."

"ನನಗ್ಯಾಕೆ ಹೇಳ್ಲಿಲ್ಲ?"

"ಭಯ ಆಯ್ತು."

ಗಂಡಸರ ಕಡೆಯಿಂದ ಕಿಸಕ್ಕೆಂದ ಸದ್ದು ಬಂತು. ಅವಳು ನಗಲಿಲ್ಲ. ಕೆಳದನಿಯಲ್ಲಿ ಕೇಳಿದಳು, "ಎಣ್ಣೆ ವಾಸನೆ ಬರ್ತಿದೆ. ಮನೇಲಿ ನರ್ಸನ್ನ ಇಟ್ಕೊಂಡು ತೌರಾನ ಹತ್ರ ಹೋಗಿದ್ಯಾ?"

ತೌರಾ ಎದ್ದು ಹಿಂದಿನ ಬಾಗಿಲಿಂದ ಹೊರಟುಹೋದ.

ಅಕೈತಿ ಆಗ ಮಾಡಿದ ಕೆಲಸ ನೋಡಿ. ನನ್ನ ಕೈಯನ್ನು ಹಿಡಿದು, ಧ್ವಜಸ್ತಂಭದ ಹಾಗೆ ನೆಟ್ಟಗೆ ಮೇಲೆತ್ತಿ, ನನ್ನನ್ನು ಜನರ ಕಡೆ ತಿರುಗಿಸಿದಳು.

"ಎಲ್ಲರೂ ಚೆನ್ನಾಗಿ ನೋಡಿ. ಇದು ಕಸದ ಗುಡ್ಡೆ ಅಲ್ಲ. ಎಲ್ಲರ ಕಂಕುಳಲ್ಲೂ ಸಣ್ಣ ಸಣ್ಣ ಗ್ರಂಥಿಗಳು ಇರ್ತವೆ. ತೋಳಲ್ಲಿ ಮುಳ್ಳು ತಯಾರಾಯ್ತು ಅಂದೆನಲ್ಲ, ಕಾವಲಿನ ಜೀವಕೋಶಗಳು ಅದರ ಚೂರುಗಳನ್ನ ಹೊತ್ಕೊಂಡು ಇಲ್ಲಿಗೆ ಬರ್ತವೆ. ಇಲ್ಲಿ ನಮ್ಮ ಸಿಪಾಯಿಗಳು ಇರ್ತಾರೆ. ಚೂರು ನೋಡಿ ಗುರುತು ಹಿಡಿದ ಸಿಪಾಯಿ ಒಂದಿದ್ದದ್ದು ನೂರಾಗ್ತಾನೆ, ಸಾವಿರ ಆಗ್ತಾನೆ. ಅಷ್ಟು ಜನ ಸೇರಿದ್ರೆ ಜಾಗ ಉಬ್ಬಲ್ವಾ? ಕೆಲವರಿಗೆ ಕೈಗೆ ಸಿಗೋಷ್ಟು ಉಬ್ಬುತ್ತೆ, ಕೆಲವರಿಗೆ ಇಲ್ಲ. ಕೆಲಸ ಮುಗಿದ ಮೇಲೆ ತಾನಾಗೇ ಇಳಿಯುತ್ತೆ."

"ಇಳೀದೇ ಇದ್ರೆ?" ಎಂದರು ಅತ್ತೆ.

"ಇಳೀದೇ ಇದ್ರೆ ನಾನೇ ಇವನನ್ನ ರಾರೊಟೊಂಗಾದ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ. ಆಮೇಲೆ ನಿಮ್ಮಲ್ಲಿ ಯಾರಿಗೂ ಹಾಕಿಸ್ಕೊಳ್ಳಿ ಅಂತ ನಾನು ಒಂದು ಮಾತು ಹೇಳಲ್ಲ."

ಇಷ್ಟು ವರ್ಷದ ನರ್ಸಿನ ಮಾನವನ್ನು ನನ್ನ ಕಂಕುಳಿನ ಮೇಲೆ ಪಣಕ್ಕಿಟ್ಟಳು. ನನ್ನ ದೇಹದ ಯಾವ ಭಾಗದ ಮೇಲೂ ಯಾರೂ ಇಷ್ಟು ಭರವಸೆ ಇಟ್ಟಿರಲಿಲ್ಲ.

"ಸರಿ," ಎಂದರು ಅತ್ತೆ. "ಈಗೆಷ್ಟಿದೆ ಅಂತ ನಾವೂ ನೋಡ್ಕೊಂಡಿರ್ತೀವಿ." ಬಿಳಿ ಟೋಪಿಗಳೆಲ್ಲ ಎದ್ದು ಸಾಲಾಗಿ ನಿಂತವು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಕೂಡಲೇ ಚರ್ಚಿನ ಮೆಟ್ಟಿಲ ಮೇಲೆ ನನ್ನ ಕಂಕುಳಿನ ದರ್ಶನ. ನಾನು ಒಳ್ಳೆಯ ಬಟ್ಟೆ ಹಾಕಿಕೊಂಡು, ಕೈ ಮೇಲೆತ್ತಿ, ಶಿಲುಬೆಗೆ ಅರ್ಧ ಏರಿದವನಂತೆ ನಿಲ್ಲಬೇಕು. "ಲಿಂಬೆಯಷ್ಟಿತ್ತು, ಈಗ ಕಾಫಿ ಹಣ್ಣಿನಷ್ಟಾಗಿದೆ," ಎಂದು ಒಬ್ಬರು. "ನಿನ್ನ ಬೆರಳು ದಪ್ಪ, ನಿನಗೇನು ತಿಳಿಯುತ್ತೆ," ಎಂದು ಇನ್ನೊಬ್ಬರು. ಪಕ್ಕದ ಮನೆಯ ಈನಾ ಪ್ರತಿ ಸಲವೂ ನನಗೆ ಕಚಗುಳಿಯಾಗುವಲ್ಲೇ ಒತ್ತುತ್ತಿದ್ದಳು. ಪವಿತ್ರ ಸ್ಥಳದಲ್ಲಿ ಹೀಗೆ ಹಲ್ಲು ಕಿಸಿಯಬಾರದೆಂದು ನನಗೇ ಬುದ್ಧಿ ಹೇಳುತ್ತಿದ್ದಳು.

ಈ ನಡುವೆ ಚಳಿ ಶುರುವಾಯಿತು. ಅತ್ತೆಯ ಕೆಮ್ಮೂ ಶುರುವಾಯಿತು. ಒಂದು ಬೆಳಿಗ್ಗೆ ಅಕೈತಿ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕಾಫಿ ಆರಿ ಹೋಗಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. (ಅವಳ ಎಡಗಡೆ ಕೂತೆ. ಬಲಗಡೆ ಕೂತರೆ ನನ್ನ ಎಡಗಂಕುಳು ಕೈಗೆ ಸಿಗುತ್ತದೆ, ಅವಳೂ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಂಡಿದ್ದಳು.)

"ವಿಮಾನದ ದಿನ ಗೊತ್ತಾಗಿದೆಯಂತೆ," ಎಂದಳು. "ಅದರಲ್ಲಿ ರೋಗವೂ ಬರುತ್ತೆ. ಬಂದೇ ಬರುತ್ತೆ. ಈ ಎದೆ ಇಟ್ಕೊಂಡು ಅಮ್ಮ ತಡ್ಕೊಳ್ಳಲ್ಲ. ಔಷಧಿ ಅಲ್ಲಿ ತಣ್ಣಗೆ ಕೂತಿದೆ, ಅಮ್ಮ ಇಲ್ಲಿ ಕೂತಿದ್ದಾರೆ, ನಾನು ನಿನ್ನ ಕಂಕುಳನ್ನ ಕಾಯ್ತಾ ಕೂತಿದೀನಿ."

"ನನ್ನ ಮೈಯೊಳಗೆ ಇನ್ನೂ ಮುಳ್ಳು ಇದೆಯಾ?" ಎಂದು ಕೇಳಿದೆ. ಅಷ್ಟು ದಿನದಲ್ಲಿ ಮೊದಲ ಸಲ ನೇರವಾಗಿ ಕೇಳಿದ್ದು.

"ಮುಳ್ಳು ಇಷ್ಟು ಹೊತ್ತಿಗೆ ಬಹುಪಾಲು ಪುಡಿಯಾಗಿ ನೀರಾಗಿ ಹೋಗಿರುತ್ತೆ ಮಾರಾಯ. ನಿನ್ನ ಮೈಗೆ ಉಳಿದಿರೋದು ಅದರ ಗುರುತು ಮಾತ್ರ. ಗಂಟು ಅನ್ನೋದು ಸಿಪಾಯಿಗಳು ಇನ್ನೂ ಚದುರಿಲ್ಲ ಅಂತ, ಅಷ್ಟೆ."

"ಅವರಿಗೆ ಬೇಗ ಚದುರಿ ಅಂತ ಹೇಳೋಕಾಗಲ್ವಾ?"

ಅವಳು ನನ್ನ ಭುಜಕ್ಕೆ ತಲೆಯಿಟ್ಟಳು. "ನಾನು ಹೇಳಿದ್ದನ್ನ ಕೇಳೋರು ಯಾರಿದ್ದಾರೆ ಈ ಮನೇಲಿ?" ಎಂದಳು. ಒಳಗಿನಿಂದ ಅತ್ತೆ ಕೆಮ್ಮಿದರು. ನಾವಿಬ್ಬರೂ ಉಸಿರು ಹಿಡಿದು ಆ ಕೆಮ್ಮು ನಿಲ್ಲುವವರೆಗೂ ಕೇಳುತ್ತ ಕೂತೆವು.

ಅದಾದ ಒಂದೆರಡು ಭಾನುವಾರಕ್ಕೆ, ಅತ್ತೆ ನನ್ನ ಕಂಕುಳಲ್ಲಿ ಬೆರಳಾಡಿಸಿ ಹುಡುಕಿದರು. ಮತ್ತೆ ಹುಡುಕಿದರು. ಕಣ್ಣು ಮುಚ್ಚಿ ಸೂಜಿಯ ಕಣ್ಣು ತಡಕುವವರ ಹಾಗೆ ಹುಡುಕಿದರು. ಈನಾಳನ್ನು ಕರೆದರು. ಅವಳೂ ಹುಡುಕಿದಳು. ನಾನು ನಗು ತಡೆಯಲು ಕೀರ್ತನೆ ಹೇಳಿಕೊಂಡೆ.

"ಇಲ್ಲ," ಎಂದರು ಅತ್ತೆ.

"ಇಲ್ಲ," ಎಂದಳು ಈನಾ. ಅವಳ ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತು.

ಅತ್ತೆ ಟೋಪಿ ಸರಿಮಾಡಿಕೊಂಡು ಮಗಳ ಕಡೆ ತಿರುಗಿದರು. "ನೀನು ಹೇಳಿದ ಹಾಗೇ ಆಯ್ತು. ನಾನೂ ಮಾತಿಗೆ ತಪ್ಪೋಳಲ್ಲ. ನಾಳೆ ಆಸ್ಪತ್ರೆ ಬಾಗಿಲು ಬೇಗ ತೆಗಿ."

ಮರುದಿನ ನನ್ನ ಟ್ರ್ಯಾಕ್ಟರಿನ ಹಿಂದಿನ ಗಾಡಿಯಲ್ಲಿ ಇಡೀ ಹೊಲಿಗೆ ಸಂಘ ಟೋಪಿ ಹಾಕಿಕೊಂಡು ಹಾಡುತ್ತ ಬಂತು. ಅತ್ತೆ ಮೊದಲು ಕೂತರು. ಇಷ್ಟು ಜನಕ್ಕೆ ಚುಚ್ಚಿದ ಅಕೈತಿ ತಾಯಿಯ ತೋಳನ್ನು ಎರಡೆರಡು ಸಲ ಒರೆಸಿ ಆಮೇಲೆ ಚುಚ್ಚಿದಳು. ನಾನು ಬಾಗಿಲ ಬಳಿಯಿಂದ ನೋಡಿದೆ.

"ಅಷ್ಟೇನಾ?" ಎಂದರು ಅತ್ತೆ. "ಇದಕ್ಕಾ ಇವನು ಅಷ್ಟು ನರಳಿದ್ದು?"

ಮನೆಗೆ ಬಂದು ಜ್ವರದ ಸ್ವಾಗತಕ್ಕೆ ತಯಾರಾದರು. ಹಾಸಿಗೆಗೆ ತಮ್ಮ ಅತಿ ಶ್ರೇಷ್ಠವಾದ ಹೊದಿಕೆ ಹಾಕಿಸಿದರು. ತಲೆಯ ಹತ್ತಿರ ಬೈಬಲ್ಲು, ಕಾಲಿನ ಹತ್ತಿರ ನಾನು, ಕೈಯಲ್ಲಿ ಬೀಸಣಿಗೆ. ಜ್ವರ ಬರಲಿಲ್ಲ. ಮರುದಿನವೂ ಬರಲಿಲ್ಲ. ಕಂಕುಳು ಮುಟ್ಟಿ ನೋಡಿಕೊಂಡರು, ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬೇಸರ ಬಂದು ಎದ್ದು ಹೋಗಿ ಟಾರೋ ಸಿಪ್ಪೆ ತೆಗೆಯತೊಡಗಿದರು. ಸಂಘದ ಉಳಿದ ಹೆಂಗಸರಿಗೂ ಹೆಚ್ಚಾಗಿ ಏನೂ ಆಗಲಿಲ್ಲ. ಅತ್ತೆ ಯೋಚಿಸಿ ಒಂದು ಸಿದ್ಧಾಂತಕ್ಕೆ ಬಂದರು.

"ನನ್ನ ಮೈ ಒಂದೇ ದಿನದಲ್ಲಿ ಮುಳ್ಳನ್ನೆಲ್ಲ ಕತ್ತರಿಸಿ, ಪುಡಿ ಮಾಡಿ, ಗುಡಿಸಿ, ಒರೆಸಿ ಮುಗಿಸಿದೆ. ಇವನ ಮೈಗೆ ಅದೇ ಕೆಲಸಕ್ಕೆ ವಾರಗಟ್ಟಲೆ ಬೇಕಾಯ್ತು. ಎಲ್ಲಾ ಕಂಕುಳಲ್ಲಿ ತುರುಕಿಟ್ಟು ಆಮೇಲೆ ಮಾಡಿದ್ರಾಯ್ತು ಅಂತ ಮಲಗಿಬಿಟ್ಟಿದೆ."

ನಾನು ಅಡಿಗೆಮನೆಗೆ ಓಡಿದೆ. "ಅಕೈತಿ, ಇದು ನಿಜಾನಾ?"

"ಅಲ್ಲ," ಎಂದಳು ಅವಳು ಕೆಳದನಿಯಲ್ಲಿ. "ವಯಸ್ಸಾದವರ ಮೈ ಅಷ್ಟು ಗಲಾಟೆ ಮಾಡಲ್ಲ, ಅಷ್ಟೆ. ನಿನ್ನ ಮೈ ಚೆನ್ನಾಗೇ ಕೆಲಸ ಮಾಡಿದೆ. ಗಲಾಟೆ ಆದವರಿಗೂ ಆಗದವರಿಗೂ ರಕ್ಷಣೆ ಸಿಗುತ್ತೆ."

"ಹಾ! ಹಾಗಾದ್ರೆ ಈಗಲೇ ಹೋಗಿ ಹೇಳ್ತೀನಿ."

ಅವಳು ನನ್ನ ಅಂಗಿ ಹಿಡಿದು ಎಳೆದಳು. "ಬಾಯಿ ಬಿಟ್ರೆ ನೋಡು. ಚೆನ್ನಾಗಿ ಕೆಲಸ ಮಾಡೋ ಮೈ ಊದ್ಕೊಳ್ಳುತ್ತೆ ಅಂತ ನೀನು ಹೇಳು, ಏನೂ ಊದ್ಕೊಳ್ಳದ ಮುದುಕಿಯರೆಲ್ಲ ನಮಗೆ ಔಷಧಿ ಹತ್ತಲೇ ಇಲ್ಲ ಅಂತ ಎರಡನೇದಕ್ಕೆ ಬರದೇ ಕೂತ್ಕೋತಾರೆ. ಅಮ್ಮ ಹೇಳಿದ್ದೇ ಸರಿ ಅಂತ ಇರ್ಲಿ."

"ನನ್ನ ಮಾನ?"

"ಎರಡನೇದು ಆಗೋವರೆಗೆ ತಡ್ಕೋ."

ತಡೆದುಕೊಂಡೆ. ಎರಡನೆಯದೂ ಆಯಿತು. ವಿಮಾನಗಳು ಬಂದವು. ಸ್ವಲ್ಪ ಕಾಲದಲ್ಲೇ, ಅಕೈತಿ ಹೇಳಿದ ಹಾಗೆ, ರೋಗವೂ ಬಂತು. ಮನೆಮನೆಗೂ ಬಂತು. ನಮ್ಮ ಮನೆಯಲ್ಲಿ ನಾನು ಹಾಸಿಗೆ ಹಿಡಿದೆ. ಅತ್ತೆ ಒಂದಿಷ್ಟು ದಿನ ಮೂಗು ಸೋರಿಸಿಕೊಂಡು, ಕೆಮ್ಮಿ, ನನ್ನನ್ನೂ ರೋಗವನ್ನೂ ಒಟ್ಟಿಗೆ ಬೈದು ಎದ್ದುಬಿಟ್ಟರು. ಕೆಮ್ಮು ಎದೆಗಿಳಿಯಲಿಲ್ಲ. ಅವರು ಎದ್ದು ಅಂಗಳ ಗುಡಿಸುವ ಸದ್ದು ಕೇಳಿದ ಬೆಳಿಗ್ಗೆ ಅಕೈತಿ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಜ್ವರದಲ್ಲೇ ಹೋಗಿ ಅವಳ ಬೆನ್ನು ಸವರಿದೆ. "ಹೋಗಿ ಮಲಕ್ಕೋ, ನನಗೂ ಅಂಟಿಸ್ಬೇಡ," ಎಂದಳು.

ಎಲ್ಲ ಇಳಿದ ಮೇಲೆ ಕೃತಜ್ಞತೆಯ ವಿಶೇಷ ಪ್ರಾರ್ಥನೆಯಾಯಿತು. ಚರ್ಚು ತುಂಬಿತ್ತು. ಹೊಲಿಗೆ ಸಂಘದ ಒಂದು ಟೋಪಿಯೂ ಕಡಿಮೆಯಾಗಿರಲಿಲ್ಲ. ಅತ್ತೆ ಸಾಕ್ಷ್ಯ ಹೇಳಲು ಎದ್ದು ನಿಂತರು. ದೇವರಿಗೆ ವಂದಿಸಿದರು. ಮಗಳನ್ನು ಹೊಗಳಿದರು. ತಮ್ಮ ಮೈಯನ್ನು ಇನ್ನೂ ಹೆಚ್ಚಾಗಿ ಹೊಗಳಿದರು. ಆಮೇಲೆ ದನಿ ಇಳಿಸಿ, "ಆದ್ರೆ ಪ್ರಿಯರೇ, ಎಲ್ಲರ ಮೈಯೂ ನಮ್ಮ ಹಾಗೆ ಇರಲ್ಲ," ಎಂದು ನನ್ನ ಕಡೆ ಕೈ ತೋರಿಸಿದರು. "ಅದೇ ಸಂದೇಶ, ಅದೇ ಮುಳ್ಳು. ಪಾಪ, ಇವನ ಮೈಗೆ ಕೈಲಾಗಲಿಲ್ಲ. ಇವನನ್ನ ನಾವು ಕೈಬಿಡಬಾರದು."

ಇಡೀ ಚರ್ಚು ತಿರುಗಿ ನನ್ನನ್ನು ನೋಡಿತು. ಅಷ್ಟೊಂದು ಕರುಣೆಯನ್ನು ಒಟ್ಟಿಗೆ ನಾನೆಂದೂ ಕಂಡಿರಲಿಲ್ಲ. ಈಗಲಾದರೂ ಹೇಳಿಬಿಡಲೇ ಎಂದು ಅಕೈತಿಯ ಮುಖ ನೋಡಿದೆ. ಅವಳು ಮೆಲ್ಲಗೆ ತಲೆಯಾಡಿಸಿದಳು, ಬೇಡ ಎಂದು. ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು, "ಮೂರನೇ ಲಸಿಕೆಯ ಪೆಟ್ಟಿಗೆ ನಿನ್ನೆ ಬಂದಿದೆ."

"ಎಲ್ಲರೂ ಕಣ್ಣು ಮುಚ್ಚೋಣ," ಎಂದರು ಪಾದ್ರಿಗಳು. "ನಮ್ಮ ಸಹೋದರ ಪುನುವಾನ ದುರ್ಬಲ ದೇಹಕ್ಕೆ ದೇವರು ಸ್ವಲ್ಪ ಚುರುಕು ದಯಪಾಲಿಸಲಿ ಎಂದು ಬೇಡಿಕೊಳ್ಳೋಣ."

ಬಹಳ ದೀರ್ಘವಾದ ಪ್ರಾರ್ಥನೆ. ಮುಗಿದಾಗ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವಳು ನನ್ನ ಹೆಂಡತಿ. ನಾನು ಸುಮ್ಮನಿದ್ದದ್ದು ನೋಡಿ ಕಾಲಿನಿಂದ ಒಂದು ಒದೆ ಕೊಟ್ಟಳು. ಆಗ ನಾನೂ ಅಂದೆ.